ಪಿಎಚ್ ಒಂದು ಅಂಕ ಇಳಿದರೆ ಮೀನಿನ ತೊಟ್ಟಿಗೆ ಗ್ಯಾಸ್ ಸಾಕೇ? ಮಲೆನಾಡಿನ ಬಾವಿ ನೀರಿನಲ್ಲಿ ಈ ಸೂತ್ರ ಏಕೆ ಕೈಕೊಡುತ್ತದೆ

ರಿಪ್ಪನ್‌ಪೇಟೆಯಲ್ಲಿ ನಮಗೆ ಪರಿಚಯದ ಮನೆಯೊಂದಿದೆ. ಅವರ ಹಜಾರದಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ, ಅದರ ತುಂಬ ಹಸಿರು ಗಿಡ, ನಡುವೆ ಸಣ್ಣ ಸಣ್ಣ ಮೀನು. ಗಿಡ ಚೆನ್ನಾಗಿ ಬರಲೆಂದು ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಎಷ್ಟು ಬಿಡಬೇಕು ಎನ್ನುವುದಕ್ಕೆ ಅವರು ನಂಬಿದ್ದು ಈ ಹವ್ಯಾಸದವರೆಲ್ಲ ಹೇಳುವ ಸೂತ್ರವನ್ನು: "ನೀರಿನ ಪಿಎಚ್ ಒಂದು ಅಂಕ ಇಳಿಯುವ ತನಕ ಗ್ಯಾಸ್ ಬಿಡಿ. ಆಗ ಸರಿಯಾಗಿ 30 ಪಿಪಿಎಂ ಆಗುತ್ತದೆ."

ಒಂದು ದಿನ ಬೆಳಿಗ್ಗೆ ಬಾವಿಯಿಂದ ನೀರು ಸೇದಿ ತೊಟ್ಟಿಯ ಅರ್ಧ ನೀರು ಬದಲಾಯಿಸಿದರು. ಬಕೆಟ್ಟಿನ ನೀರಿಗೆ ಮೀಟರ್ ಅದ್ದಿದಾಗ ಪಿಎಚ್ 6.2 ತೋರಿಸಿತು. ಹಾಗಾದರೆ 5.2ಕ್ಕೆ ಇಳಿಸಬೇಕು ಎಂದುಕೊಂಡು ಗ್ಯಾಸ್ ಹೆಚ್ಚಿಸಿ ತೋಟಕ್ಕೆ ಹೋದರು. ಮಧ್ಯಾಹ್ನ ಊಟಕ್ಕೆ ಬಂದಾಗ ತೊಟ್ಟಿಯ ಪಿಎಚ್ 5.5. ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದವು. ಕೆಲವು ಆಗಲೇ ಸತ್ತು ತಳದಲ್ಲಿ ಬಿದ್ದಿದ್ದವು.

ಮೀಟರ್ ಕೆಟ್ಟಿರಲಿಲ್ಲ. 6.2ರಲ್ಲಿ 1 ಕಳೆದರೆ 5.2 ಎನ್ನುವ ಲೆಕ್ಕವೂ ತಪ್ಪಲ್ಲ. ಹಾಗಾದರೆ ತಪ್ಪಿದ್ದೆಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕಲು ತೊಟ್ಟಿಯಿಂದ ಶುರುಮಾಡಿ ಬಾವಿಯವರೆಗೆ ಹೋಗಬೇಕಾಗುತ್ತದೆ.

ಗಿಡಕ್ಕೆ ಗ್ಯಾಸ್ ಬೇಕೇಕೆ?

ಇಂದು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು ಶೇ. 0.04ರಷ್ಟಿದೆ. ತೆರೆದಿಟ್ಟ ನೀರು ಗಾಳಿಯೊಂದಿಗೆ ಸಮತೋಲನಕ್ಕೆ ಬಂದಾಗ ಒಂದು ಲೀಟರಿನಲ್ಲಿ ಉಳಿಯುವುದು ಸುಮಾರು 0.6 ಮಿಲಿಗ್ರಾಂ ಮಾತ್ರ. ಮೀನಿನ ಉಸಿರು, ಕೊಳೆಯುವ ಎಲೆ ಎಲ್ಲ ಸೇರಿ ತೊಟ್ಟಿಯಲ್ಲಿ ಅದು 2–3 ಮಿಲಿಗ್ರಾಂವರೆಗೆ ಹೋಗಬಹುದು. (ಒಂದು ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ ಒಂದು ಪಿಪಿಎಂ ಎಂದೇ ಇಲ್ಲಿ ಓದಿಕೊಳ್ಳಿ.) ಅದರ ಮೇಲೆ, ಈ ಅನಿಲ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಎಲೆಯ ಪಕ್ಕದ ನೀರಿನಲ್ಲಿ ಇದ್ದದ್ದು ಮುಗಿದರೆ ಹೊಸದು ಬೇಗ ಬಂದು ಸೇರುವುದಿಲ್ಲ.

ಜಾವಾ ಪಾಚಿ, ಅನೂಬಿಯಸ್, ಕ್ರಿಪ್ಟೊಕೊರೈನ್‌ನಂತಹ ನಿಧಾನ ಬೆಳೆಯುವ ಗಿಡಗಳಿಗೆ ಇದ್ದದ್ದೇ ಸಾಕು. ಕೆಂಪು ಎಲೆಯ, ಬೇಗ ಬೆಳೆಯುವ ಗಿಡಗಳಿಗೆ ಸಾಲದು. ನಮ್ಮದೇ ಪಶ್ಚಿಮ ಘಟ್ಟದ ಮೂಲದ ರೊಟಾಲ ಮ್ಯಾಕ್ರಾಂಡ್ರ ಅಂಥದ್ದೊಂದು. ಅಂಥ ಗಿಡಗಳಿಗಾಗಿಯೇ 30 ಪಿಪಿಎಂ ಎಂಬ ಗುರಿ ಹವ್ಯಾಸಿಗಳ ನಡುವೆ ರೂಢಿಗೆ ಬಂದಿದೆ. ಅದು ರೂಢಿ ಅಷ್ಟೇ, ಎಲ್ಲ ಮೀನಿಗೂ ಸಲ್ಲುವ ಸುರಕ್ಷತಾ ಮಿತಿಯಲ್ಲ. ಮುಚ್ಚಿದ ತೊಟ್ಟಿಗಳಲ್ಲಿ ಆಹಾರಕ್ಕಾಗಿ ಮೀನು ಸಾಕುವವರು ಸಾಮಾನ್ಯವಾಗಿ 20 ದಾಟದಂತೆ ನೋಡಿಕೊಳ್ಳುತ್ತಾರೆ.

ನಾವು ಅಳೆಯುವುದು ಗ್ಯಾಸನ್ನಲ್ಲ, ಹುಳಿಯನ್ನು

ಮನೆಯಲ್ಲಿ ಬಳಸುವ ಯಾವ ಸಾಧನವೂ ಇಂಗಾಲದ ಡೈಆಕ್ಸೈಡನ್ನು ನೇರವಾಗಿ ಅಳೆಯುವುದಿಲ್ಲ. ಈ ಅನಿಲ ನೀರಿನಲ್ಲಿ ಕರಗಿದಾಗ ಒಂದಿಷ್ಟು ಕಾರ್ಬಾನಿಕ್ ಆಮ್ಲವಾಗುತ್ತದೆ, ನೀರು ಹುಳಿಯತ್ತ ವಾಲುತ್ತದೆ. ಮೀಟರ್ ನೋಡುವುದು ಆ ಹುಳಿಯನ್ನು. ಅದರಿಂದ ಗ್ಯಾಸ್ ಎಷ್ಟಿರಬಹುದೆಂದು ನಾವು ಊಹಿಸುತ್ತೇವೆ.

ಹುಳಿಯ ಅಳತೆಗೋಲೇ ಪಿಎಚ್. ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್ಸನ್ 1909ರಲ್ಲಿ ಇದನ್ನು ರೂಪಿಸಿದರು. ಇದರಲ್ಲಿ ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರಿದೆ ಎಂದರ್ಥ.

ಆದರೆ ಎಷ್ಟು ಗ್ಯಾಸಿಗೆ ಎಷ್ಟು ಹುಳಿ ಎಂಬುದನ್ನು ನಿರ್ಧರಿಸುವ ಇನ್ನೊಂದು ಸಂಗತಿ ಇದೆ. ಅದು ನೀರಿನಲ್ಲಿರುವ ಬೈಕಾರ್ಬೊನೇಟ್. ಇದು ಹುಳಿಯನ್ನು ತಡೆದುಕೊಳ್ಳುತ್ತದೆ. ಪ್ರಯೋಗಾಲಯದವರು ಇದನ್ನು ಕ್ಷಾರೀಯತೆ ಎನ್ನುತ್ತಾರೆ, ಅಕ್ವೇರಿಯಂ ಇಟ್ಟವರು ಕೆಎಚ್ ಎನ್ನುತ್ತಾರೆ. ಎರಡೂ ತಿಳಿದಿದ್ದರೆ ಲೆಕ್ಕ ಸುಲಭ:

- ಪಿಎಚ್ 7 ಇದ್ದಾಗ, ಕೆಎಚ್ ಅನ್ನು 3ರಿಂದ ಗುಣಿಸಿದರೆ ಗ್ಯಾಸ್ ಎಷ್ಟು ಪಿಪಿಎಂ ಎಂದು ಸಿಗುತ್ತದೆ.
- ಪಿಎಚ್ 6 ಇದ್ದಾಗ, 30ರಿಂದ ಗುಣಿಸಬೇಕು.
- ನಡುವೆ ಪ್ರತಿ 0.3 ಇಳಿದಂತೆ ಗ್ಯಾಸ್ ದುಪ್ಪಟ್ಟಾಗುತ್ತದೆ.

ಕೆಎಚ್ 4, ಪಿಎಚ್ 6.6 ಇದ್ದರೆ ಸುಮಾರು 30 ಪಿಪಿಎಂ. ಅದೇ 6.6 ಪಿಎಚ್‌ಗೆ ಕೆಎಚ್ 1 ಇದ್ದರೆ ಬರೀ 7.5. ಹೀಗಾಗಿ ಪಿಎಚ್ ಒಂದನ್ನೇ ನೋಡಿ "ಇಷ್ಟು ಗ್ಯಾಸ್ ಇದೆ" ಎಂದು ಹೇಳಲು ಬರುವುದಿಲ್ಲ.

ಮಲೆನಾಡಿನ ನೀರಿನ ವಿಶೇಷವೇನು?

ಬಯಲುಸೀಮೆಯ ಕೊಳವೆಬಾವಿ ನೀರು ಕಾಯಿಸಿದ ಪಾತ್ರೆಗೆ ಒಳಗೆಲ್ಲ ಬಿಳಿ ಪೊರೆ ಕಟ್ಟುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೆರೆದ ಬಾವಿ ನೀರು ಕಾಯಿಸುವ ಹಂಡೆಯಲ್ಲಿ ಹಾಗಾಗುವುದು ಕಡಿಮೆ. ಸೋಪೂ ಬೇಗ ನೊರೆ ಬರುತ್ತದೆ. ಸಾವಿರಾರು ವರ್ಷಗಳ ಮಳೆ ಇಲ್ಲಿನ ಜಂಬಿಟ್ಟಿಗೆ ಮಣ್ಣಿನಿಂದ ಸುಣ್ಣದ ಅಂಶವನ್ನು ತೊಳೆದು ಒಯ್ದಿರುವುದೇ ಇದಕ್ಕೆ ಕಾರಣ. ಇಂಥ ನೀರಿನಲ್ಲಿ ಕೆಎಚ್ ಸಾಮಾನ್ಯವಾಗಿ ಕಡಿಮೆ.

ಇದು ಅರ್ಧ ವಿಷಯ. ಉಳಿದರ್ಧ ಇರುವುದು ಮಣ್ಣಿನೊಳಗೆ. ಬೇರುಗಳು, ಸೂಕ್ಷ್ಮಜೀವಿಗಳು, ಎರೆಹುಳು ಎಲ್ಲವೂ ಉಸಿರಾಡುತ್ತವೆ. ಮಣ್ಣಿನ ರಂಧ್ರಗಳಲ್ಲಿರುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚು. ಮಳೆ ನೀರು ಆ ಮಣ್ಣಿನ ಮೂಲಕ ಇಳಿಯುವಾಗ ಈ ಅನಿಲವನ್ನು ಹೀರಿಕೊಂಡೇ ಬಾವಿ ಸೇರುತ್ತದೆ. ಸುಣ್ಣದ ಕಲ್ಲಿರುವ ನೆಲದಲ್ಲಾದರೆ ಆ ಹುಳಿ ಕಲ್ಲನ್ನು ಕರಗಿಸಿ ಬೈಕಾರ್ಬೊನೇಟ್ ಆಗಿ ಮುಗಿದುಹೋಗುತ್ತದೆ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಕರಗಲು ಸುಣ್ಣವೇ ಇಲ್ಲ, ಹಾಗಾಗಿ ಅನಿಲ ಅನಿಲವಾಗಿಯೇ ಉಳಿಯುತ್ತದೆ.

ಹಳೆ ಬಾವಿಗೆ ಇಳಿಯುವ ಮುನ್ನ ಹಿರಿಯರು ದೀಪ ಇಳಿಸಿ ನೋಡುತ್ತಿದ್ದುದೂ ಇಂಥದ್ದೇ ಕಾರಣಕ್ಕೆ. ಮಣ್ಣಿನಿಂದ ಬಂದ ಭಾರದ ಅನಿಲ ತಳದಲ್ಲಿ ನಿಂತು ಆಮ್ಲಜನಕ ಕಡಿಮೆಯಾಗಿದ್ದರೆ ದೀಪ ಆರುತ್ತದೆ. (ಇಂದು ಇದನ್ನೇ ನಂಬಿ ಬಾವಿಗೆ ಇಳಿಯಬೇಡಿ. ದೀಪ ಉರಿದ ಮಾತ್ರಕ್ಕೆ ಒಳಗಿನ ಗಾಳಿ ಸುರಕ್ಷಿತ ಎಂದಲ್ಲ.)

ಈಗ ಆ ಬಕೆಟ್ಟಿನ ನೀರಿಗೆ ಬರೋಣ. ಕೆಎಚ್ 1 ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ಚಿತ್ರ ಹೀಗಿದೆ:

- ಪಿಎಚ್ 7.2: ಸುಮಾರು 2 ಪಿಪಿಎಂ (ಹಲವು ದಿನ ತೊಟ್ಟಿಯಲ್ಲಿದ್ದ ನೀರು)
- ಪಿಎಚ್ 6.2: ಸುಮಾರು 19 ಪಿಪಿಎಂ (ಆಗಷ್ಟೇ ಸೇದಿದ ಬಾವಿ ನೀರು)
- ಪಿಎಚ್ 5.5: ಸುಮಾರು 95 ಪಿಪಿಎಂ
- ಪಿಎಚ್ 5.2: ಸುಮಾರು 190 ಪಿಪಿಎಂ

ಸೇದಿದ ನೀರಿನಲ್ಲೇ ಗಿಡಕ್ಕೆ ಬೇಕಾದ ಗ್ಯಾಸಿನ ಬಹುಪಾಲು ಇತ್ತು. ಅದನ್ನೇ ಸೊನ್ನೆ ಎಂದು ಭಾವಿಸಿ, ಅಲ್ಲಿಂದ ಹತ್ತು ಪಟ್ಟು ಏರಿಸಲು ಹೊರಟರು. "ಪಿಎಚ್ ಒಂದು ಅಂಕ" ಎಂಬ ಸೂತ್ರ ಹೇಳುವುದು "ಈಗಿರುವುದರ ಹತ್ತು ಪಟ್ಟು" ಎಂದು ಮಾತ್ರ. ಈಗ ಎಷ್ಟಿದೆ ಎನ್ನುವುದನ್ನು ಅದು ಹೇಳುವುದಿಲ್ಲ. 3 ಪಿಪಿಎಂನಿಂದ ಹೊರಟರೆ 30, ಪೂರ್ತಿ ಗಾಳಿಗೆ ಬಿಟ್ಟ ನೀರಿನ 0.6ರಿಂದ ಹೊರಟರೆ 6, ಬಾವಿ ನೀರಿನ 19ರಿಂದ ಹೊರಟರೆ 190. ಸೂತ್ರ ಒಂದೇ, ಮೊದಲನೆಯದರಲ್ಲಿ ಗಿಡ ಚಿಗುರುತ್ತದೆ, ಎರಡನೆಯದರಲ್ಲಿ ಸೊರಗುತ್ತದೆ, ಮೂರನೆಯದರಲ್ಲಿ ಮೀನು ಸಾಯುತ್ತದೆ.

ಚೊಗರಿನ ಹುಳಿ, ಗ್ಯಾಸಿನ ಹುಳಿ

ಇದರ ತದ್ವಿರುದ್ಧ ತಪ್ಪೂ ಮಲೆನಾಡಿನಲ್ಲಿ ಸಾಮಾನ್ಯ. ತೊಟ್ಟಿಯ ಅಂದಕ್ಕೆ ಕಾಡಿನ ಒಣ ಬೇರು, ಮರದ ತುಂಡು ಹಾಕುತ್ತಾರೆ. ಕೆಲವೇ ದಿನದಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅಡಿಕೆ ಬೇಯಿಸಿ ಚೊಗರು ತೆಗೆಯುವ ಊರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಚೊಗರಿನಲ್ಲಿರುವ ಟ್ಯಾನಿನ್ ಜಾತಿಯ ವಸ್ತುಗಳೇ ಮರದಿಂದಲೂ ಬಿಡುತ್ತವೆ, ಅವೂ ನೀರನ್ನು ಹುಳಿ ಮಾಡುತ್ತವೆ. ಮೀಟರಿಗೆ ಹುಳಿಯೆಲ್ಲ ಒಂದೇ. ಆ ಕಾರಣಕ್ಕೆ ಪಿಎಚ್ 6.2ಕ್ಕೆ ಇಳಿದರೆ ಪಟ್ಟಿ "19 ಪಿಪಿಎಂ" ಎನ್ನುತ್ತದೆ. ನಿಜದಲ್ಲಿ 3 ಕೂಡ ಇಲ್ಲದಿರಬಹುದು. ಗಿಡ ಹಸಿದಿದ್ದರೂ ಯಜಮಾನರು ನಿಶ್ಚಿಂತೆಯಿಂದ ಇರುತ್ತಾರೆ.

ಅಂಗಡಿಯಲ್ಲಿ ಸಿಗುವ, ಪಿಎಚ್ ಇಳಿಸುವ ದ್ರಾವಣ ಹಾಕಿದರೂ ಇದೇ ಗೊಂದಲ. ಅಷ್ಟೇ ಅಲ್ಲ, ಮೀನಿನ ಅಮೋನಿಯವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಕೆಲಸ ಮಾಡುತ್ತಲೇ ಕ್ಷಾರೀಯತೆಯನ್ನು ತಿಂದುಹಾಕುತ್ತವೆ. ಮೊದಲೇ ಕೆಎಚ್ ಕಡಿಮೆ ಇರುವ ನೀರಿನಲ್ಲಿ ಅದು ವಾರಗಟ್ಟಲೆ ಇಳಿಯುತ್ತಾ ಹೋಗುತ್ತದೆ. ತಿಂಗಳ ಹಿಂದೆ ಅಳೆದ ಕೆಎಚ್ ಹಿಡಿದು ಇಂದು ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ.

ಯಾವುದು ಗ್ಯಾಸಿನ ಹುಳಿ, ಯಾವುದು ಅಲ್ಲ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಒಂದು ಲೋಟ ನೀರಿನ ಪಿಎಚ್ ನೋಡಿ. ಅದೇ ನೀರನ್ನು ಏರ್ ಪಂಪ್ ಹಾಕಿ, ಇಲ್ಲವೇ ಅಗಲ ಪಾತ್ರೆಯಲ್ಲಿ ಆಗಾಗ ಕಲಕುತ್ತಾ 24 ಗಂಟೆ ಬಿಡಿ. ಮತ್ತೆ ಪಿಎಚ್ ನೋಡಿ. ಏರಿದ್ದರೆ ಆ ಮಟ್ಟಿಗೆ ಅದು ಹಾರಿಹೋದ ಗ್ಯಾಸಿನ ಹುಳಿ. ಏರದೆ ಹಾಗೇ ಇದ್ದರೆ ಅದು ಚೊಗರಿನಂಥ ಬೇರೆ ಹುಳಿ. ಕೆಎಚ್ 1ರ ಶುದ್ಧ ನೀರಾದರೆ ಪಿಎಚ್ 7.5ರ ಆಸುಪಾಸಿಗೆ ಏರಬೇಕು.

ಯಾವ ಅಳತೆ ಎಷ್ಟು ನಂಬಬಹುದು?

*ಗುಳ್ಳೆ ಎಣಿಸುವುದು.* "ಸೆಕೆಂಡಿಗೆ ಎರಡು ಗುಳ್ಳೆ" ಎನ್ನುವುದು ಅಳತೆಯೇ ಅಲ್ಲ. ಗುಳ್ಳೆಯ ಗಾತ್ರ ಒಂದೊಂದು ಉಪಕರಣದಲ್ಲಿ ಒಂದೊಂದು ಥರ. ಅದರಲ್ಲಿ ಎಷ್ಟು ಕರಗಿತು, ಎಷ್ಟು ಮೇಲ್ಮೈಯಿಂದ ಹಾರಿಹೋಯಿತು ಎಂದು ಎಣಿಕೆ ಹೇಳುವುದಿಲ್ಲ. ನಿನ್ನೆಯಷ್ಟೇ ಇಂದೂ ಬಿಡುತ್ತಿದ್ದೇವೆಯೇ ಎಂದು ನೋಡಲು ಮಾತ್ರ ಇದು ಸರಿ.

*ಪಿಎಚ್–ಕೆಎಚ್ ಲೆಕ್ಕ.* ಮರದ ತುಂಡು, ಔಷಧಿ ಇಲ್ಲದ ತೊಟ್ಟಿಯಲ್ಲಿ ಉಪಯುಕ್ತ. ಆದರೆ ಮೀಟರ್ 0.2 ತಪ್ಪಿದರೂ 19 ಎಂಬುದು 12 ಇರಬಹುದು, 30 ಕೂಡ ಇರಬಹುದು. ಮೆದು ನೀರಿನಲ್ಲಿ ಪೆನ್ ಮೀಟರ್ ನಿಧಾನ, ಅಂಕಿ ನಿಲ್ಲುವವರೆಗೆ ಕಾಯಿರಿ. ಹನಿ ಹಾಕುವ ಕೆಎಚ್ ಕಿಟ್‌ನಲ್ಲಿ ಒಂದು ಹನಿಗೆ ಒಂದು ಡಿಗ್ರಿ ಎಂದಿದ್ದರೆ, ನೀರನ್ನು ಹೇಳಿದ್ದರ ಎರಡರಷ್ಟು ತೆಗೆದುಕೊಳ್ಳಿ. ಆಗ ಒಂದು ಹನಿ ಎಂದರೆ ಅರ್ಧ ಡಿಗ್ರಿ, ಅಳತೆ ಸೂಕ್ಷ್ಮವಾಗುತ್ತದೆ.

*ಡ್ರಾಪ್ ಚೆಕರ್.* ತೊಟ್ಟಿಯೊಳಗೆ ತೂಗುಹಾಕುವ ಸಣ್ಣ ಗಾಜಿನ ಬುರುಡೆ ಇದು. ಒಳಗೆ ಕೆಎಚ್ 4 ಇರುವ ದ್ರಾವಣ, ಅದಕ್ಕೆ ಬ್ರೊಮೊಥೈಮಾಲ್ ಬ್ಲೂ ಎಂಬ ಬಣ್ಣ. ತೊಟ್ಟಿ ನೀರಿಗೂ ಈ ದ್ರಾವಣಕ್ಕೂ ನಡುವೆ ಗಾಳಿಯ ಪದರ ಇರುವುದರಿಂದ ಗ್ಯಾಸ್ ಮಾತ್ರ ದಾಟುತ್ತದೆ, ಚೊಗರು ದಾಟುವುದಿಲ್ಲ. ಮಲೆನಾಡಿನ ತೊಟ್ಟಿಗಳಿಗೆ ಇದು ಹೆಚ್ಚು ಹೊಂದುವ ಸಾಧನ. ನೀಲಿ ಇದ್ದರೆ ಕಡಿಮೆ, ಹಸಿರು ಇದ್ದರೆ ಸುಮಾರು 30, ಹಳದಿಯಾದರೆ ಹೆಚ್ಚು.

ಇದರಲ್ಲೂ ಮೂರು ಎಚ್ಚರಿಕೆ ಬೇಕು. ಒಂದು, ಕಣ್ಣಿಗೆ "ಹಸಿರು" ಎಂದು ಕಾಣುವ ಪಟ್ಟಿ ಅಗಲ. ಪಿಎಚ್ 6.8ರ ಹಸಿರು 19 ಪಿಪಿಎಂ, 6.4ರ ಹಸಿರು 48. ಎರಡು, ಗ್ಯಾಸ್ ದಾಟಿ ಬಣ್ಣ ಬದಲಾಗಲು ಒಂದೆರಡು ಗಂಟೆ ಬೇಕು. ಅದು ತೋರಿಸುವುದು ಈಗಿನ ಸ್ಥಿತಿಯನ್ನಲ್ಲ. ಮೂರು, ಬುರುಡೆಗೆ ತೊಟ್ಟಿಯ ನೀರನ್ನೇ ತುಂಬಬಾರದು. ಕೆಎಚ್ 1ರ ನೀರು ತುಂಬಿದರೆ 30ಕ್ಕೆ ಬರಬೇಕಾದ ಹಸಿರು 7.5ಕ್ಕೇ ಬರುತ್ತದೆ. ಕೆಎಚ್ 8ರ ಕೊಳವೆಬಾವಿ ನೀರು ತುಂಬಿದರೆ 60 ಆಗುವವರೆಗೂ ಅದೇ ಹಸಿರು ಬರುವುದಿಲ್ಲ.

*ಟೈಟ್ರೇಶನ್.* ಬಿ.ಎಸ್ಸಿ. ಪ್ರಾಣಿಶಾಸ್ತ್ರ, ಮೀನುಗಾರಿಕೆ ಓದಿದವರಿಗೆ ಇದು ಗೊತ್ತಿರುತ್ತದೆ. 100 ಮಿಲಿಲೀಟರ್ ನೀರಿಗೆ ಫಿನಾಫ್ತಲೀನ್ ಹಾಕಿ, 0.0227 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡನ್ನು ತಿಳಿ ಗುಲಾಬಿ ಬಣ್ಣ ನಿಲ್ಲುವವರೆಗೆ ಬಿಡುವುದು. ಒಂದು ಮಿಲಿಲೀಟರ್ ಖರ್ಚಾದರೆ 10 ಪಿಪಿಎಂ. ಇದು ಗ್ಯಾಸಿಗೆ ಹೆಚ್ಚು ಹತ್ತಿರದ ಅಳತೆ. ಆದರೆ ನೀರು ಕಲಕಿದರೆ ಗ್ಯಾಸ್ ಹಾರಿ ಕಡಿಮೆ ತೋರಿಸುತ್ತದೆ, ಚೊಗರಿದ್ದರೆ ಅದನ್ನೂ ಸೇರಿಸಿ ಹೆಚ್ಚು ತೋರಿಸುತ್ತದೆ.

ಮನೆಯಲ್ಲೇ ಕೆಎಚ್ 4 ದ್ರಾವಣ

ಬೇಕಾಗುವುದು ಡಿಸ್ಟಿಲ್ಡ್ ವಾಟರ್ ಮತ್ತು ಅಡುಗೆ ಸೋಡಾ. ಪೆಟ್ರೋಲ್ ಬಂಕ್‌ನಲ್ಲಿ "ಬ್ಯಾಟರಿ ನೀರು" ಎಂದು ಸಿಗುವುದು ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಆಸಿಡ್ ಬೇರೆಯೇ ವಸ್ತು, ಅಪಾಯಕಾರಿ. ಲೇಬಲ್ ಓದಿ ಕೊಳ್ಳಿ. ಚಿನ್ನ ಬೆಳ್ಳಿ ತೂಗುವಂಥ ಸೂಕ್ಷ್ಮ ತಕ್ಕಡಿಯಲ್ಲಿ 1.2 ಗ್ರಾಂ ಅಡುಗೆ ಸೋಡಾ ತೂಗಿ ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ. ಇದು ಕೆಎಚ್ 40. ಇದರಲ್ಲಿ 100 ಮಿಲಿಲೀಟರ್ ತೆಗೆದು, ಮತ್ತೆ ಡಿಸ್ಟಿಲ್ಡ್ ನೀರು ಸೇರಿಸಿ ಒಂದು ಲೀಟರ್ ಮಾಡಿದರೆ ಕೆಎಚ್ 4 ಸಿದ್ಧ.

ನಿಮ್ಮ ಬಾವಿಯ ಕೆಎಚ್ ತಿಳಿಯಲು ಕಿಟ್ ಇಲ್ಲದಿದ್ದರೆ ಕುಡಿಯುವ ನೀರಿನ ಪರೀಕ್ಷಾ ವರದಿ ನೋಡಿ. ಅದರಲ್ಲಿ "ಒಟ್ಟು ಕ್ಷಾರೀಯತೆ" ಎಂಬ ಸಾಲಿರುತ್ತದೆ. ಆ ಅಂಕಿಯನ್ನು 18ರಿಂದ ಭಾಗಿಸಿದರೆ ಕೆಎಚ್ ಸಿಗುತ್ತದೆ. ಜಲ ಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ಪರೀಕ್ಷಾ ಕಿಟ್‌ಗಳಲ್ಲೂ ಸಾಮಾನ್ಯವಾಗಿ ಈ ಪರೀಕ್ಷೆ ಇರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಅಂದರೆ ಕೆಎಚ್ 11. ಮಲೆನಾಡಿನ ತೆರೆದ ಬಾವಿಯ ಅಂಕಿ 20–30 ಎಂದು ಬಂದರೆ ಗಾಬರಿ ಬೇಡ. ಕುಡಿಯಲು ಅದರಿಂದ ತೊಂದರೆಯಿಲ್ಲ, ತೊಟ್ಟಿಯ ಲೆಕ್ಕ ಮಾತ್ರ ಬೇರೆಯಾಗುತ್ತದೆ.

"ಗ್ಯಾಸ್ ಹೆಚ್ಚಾದರೆ ಆಮ್ಲಜನಕ ಹೊರಹೋಗುತ್ತದೆ" – ಇದು ನಿಜವೇ?

ಅಲ್ಲ. ನೀರಿನಲ್ಲಿ ಎರಡೂ ಅನಿಲ ತಮ್ಮಷ್ಟಕ್ಕೆ ಕರಗಿರುತ್ತವೆ, ಒಂದು ಇನ್ನೊಂದರ ಜಾಗ ಕಸಿಯುವುದಿಲ್ಲ. ಆಮ್ಲಜನಕ ತುಂಬಿದ ನೀರಿನಲ್ಲೂ ಮೀನು ಉಸಿರುಗಟ್ಟಬಹುದು. ಮೀನಿನ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಕಿವಿರಿನ ಮೂಲಕ ನೀರಿಗೆ ಹೋಗಬೇಕು. ನೀರಿನಲ್ಲೇ ಅದು ತುಂಬಿದ್ದರೆ ಹೊರಹೋಗದೆ ರಕ್ತ ಹುಳಿಯಾಗುತ್ತದೆ. ರಕ್ತ ಹುಳಿಯಾದಾಗ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವ ಶಕ್ತಿ ಕುಗ್ಗುತ್ತದೆ. ಕ್ರಿಶ್ಚಿಯನ್ ಬೋರ್ ಮತ್ತು ಜೊತೆಗಾರರು 1904ರಲ್ಲಿ ವಿವರಿಸಿದ ಈ ಪರಿಣಾಮಕ್ಕೆ ಬೋರ್ ಪರಿಣಾಮ ಎಂದೇ ಹೆಸರು. ಹೀಗಾಗಿ ಪಂಪ್ ಗುಳ್ಳೆ ಬಿಡುತ್ತಿದೆ ಎಂದ ಮಾತ್ರಕ್ಕೆ ಗ್ಯಾಸ್ ಎಷ್ಟಾದರೂ ಬಿಡಬಹುದು ಎಂದಲ್ಲ.

ರಾತ್ರಿ ಗಿಡಗಳೇ ಮೀನನ್ನು ಕೊಲ್ಲುತ್ತವೆಯೇ?

ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದು ಎಂಬ ಮಾತು ಕೇಳಿರುತ್ತೀರಿ. ಬಯಲಿನಲ್ಲಿ ಮರ ಬಿಡುವ ಅನಿಲ ಗಾಳಿಯಲ್ಲಿ ಹರಡಿ ಹೋಗುತ್ತದೆ, ಅದರಿಂದ ಮಲಗಿದವರಿಗೆ ಅಪಾಯವಿಲ್ಲ. ತೊಟ್ಟಿಯಲ್ಲಿ ಗಿಡಗಳ ರಾತ್ರಿಯ ಉಸಿರಿನಿಂದ ಪಿಎಚ್ ಸ್ವಲ್ಪ ಇಳಿಯುವುದು ನಿಜ. ಆದರೆ ಹೆಚ್ಚಿನ ಅಪಾಯ ಇರುವುದು ರಾತ್ರಿಯೂ ಗ್ಯಾಸ್ ಬಿಡುತ್ತಲೇ ಇರುವುದರಲ್ಲಿ. ಬೆಳಕಿಲ್ಲದಾಗ ಗಿಡ ಅದನ್ನು ಬಳಸುವುದಿಲ್ಲ.

ಮಳೆಗಾಲದಲ್ಲಿ ಇದು ಇನ್ನಷ್ಟು ಮುಖ್ಯ. ಗಾಳಿ ಮಳೆಗೆ ಕರೆಂಟ್ ಹೋದರೆ, ಸೊಲೆನಾಯ್ಡ್ ವಾಲ್ವ್ ಇರುವ ಸಿಲಿಂಡರ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಸಕ್ಕರೆ ಅಥವಾ ಬೆಲ್ಲಕ್ಕೆ ಯೀಸ್ಟ್ ಹಾಕಿ ಬಾಟಲಿಯಲ್ಲಿ ಮಾಡುವ ಗ್ಯಾಸಿಗೆ ಕರೆಂಟಿನ ಹಂಗಿಲ್ಲ. ಪಂಪ್ ನಿಂತು ನೀರು ಅಲುಗಾಡದಿದ್ದರೂ ಅದು ಬಿಡುತ್ತಲೇ ಇರುತ್ತದೆ. ಅಂಥ ಬಾಟಲಿ ಇದ್ದವರು ರಾತ್ರಿ ಕೊಳವೆಯನ್ನು ನೀರಿನಿಂದ ಹೊರಗೆ ತೆಗೆದಿಡಿ. ಕೊಳವೆಯ ಬಾಯಿ ಮುಚ್ಚಬೇಡಿ, ಬಾಟಲಿ ಸಿಡಿಯಬಹುದು.

ಏನು ಮಾಡಬೇಕು?

- ಪಿಎಚ್ ಇಳಿಕೆಯನ್ನು ಅಳೆಯುವುದಾದರೆ, 24 ಗಂಟೆ ಗಾಳಿಗೆ ಬಿಟ್ಟ ತೊಟ್ಟಿ ನೀರಿನಿಂದ ಆರಂಭಿಸಿ. ಆಗಷ್ಟೇ ಸೇದಿದ ನೀರಿನಿಂದ ಎಂದೂ ಬೇಡ.
- ಪಿಎಚ್–ಕೆಎಚ್ ಲೆಕ್ಕ ಮತ್ತು ಡ್ರಾಪ್ ಚೆಕರ್ ಎರಡನ್ನೂ ನೋಡಿ. ಎರಡೂ ಒಂದೇ ಮಾತು ಹೇಳದಿದ್ದರೆ ಎಲ್ಲೋ ಬೇರೆ ಹುಳಿ ಇದೆ ಎಂದು ತಿಳಿಯಿರಿ.
- ದೀಪ ಹಚ್ಚುವ ಒಂದೆರಡು ಗಂಟೆ ಮುಂಚೆ ಗ್ಯಾಸ್ ಶುರುಮಾಡಿ, ದೀಪ ಆರಿಸುವ ಮುನ್ನ ನಿಲ್ಲಿಸಿ.
- ಗ್ಯಾಸ್ ಹೆಚ್ಚಿಸುವುದಿದ್ದರೆ ದಿನಕ್ಕೆ ಸ್ವಲ್ಪ ಸ್ವಲ್ಪವೇ, ಅದೂ ನೀವು ಮನೆಯಲ್ಲೇ ಇರುವ ದಿನ.
- ಮೀನು ಮೇಲೆ ಬಂದು ಬಾಯಿ ಬಿಟ್ಟರೆ, ಕಿವಿರು ವೇಗವಾಗಿ ಬಡಿದುಕೊಂಡರೆ, ಮೀಟರ್ ಏನೇ ಹೇಳಲಿ, ಮೊದಲು ಗ್ಯಾಸ್ ನಿಲ್ಲಿಸಿ, ಪಂಪ್ ಹಾಕಿ, ಮೇಲ್ಮೈ ಕಲಕಿ.
- ಆಗ ನೀರು ಬದಲಾಯಿಸಬೇಕಾದರೆ ಹಿಂದಿನ ದಿನ ಸೇದಿಟ್ಟ ನೀರನ್ನೇ ಬಳಸಿ. ಗಾಬರಿಯಲ್ಲಿ ಬಾವಿಯಿಂದ ತಾಜಾ ನೀರು ತಂದು ಸುರಿದರೆ ಅದರಲ್ಲೂ ಗ್ಯಾಸ್ ಇರುತ್ತದೆ.

ಈ ಕೊನೆಯ ಅಂಶ ಆ ಮನೆಯವರಿಗೂ ಅಂದು ಗೊತ್ತಿರಲಿಲ್ಲ. ಸಾಯುತ್ತಿದ್ದ ಮೀನುಗಳನ್ನು ಉಳಿಸಲು ಅವರು ಮೊದಲು ಓಡಿದ್ದು ಬಾವಿಕಟ್ಟೆಗೆ. ಈಗ ಅವರ ಬಚ್ಚಲಿನ ಪಕ್ಕದಲ್ಲಿ ಮುಚ್ಚಳವಿಲ್ಲದ ಡ್ರಮ್ ಒಂದಿದೆ. ತೊಟ್ಟಿಗೆ ಹೋಗುವ ನೀರು ಒಂದು ರಾತ್ರಿ ಅದರಲ್ಲಿ ಕಳೆದೇ ಮುಂದಕ್ಕೆ ಹೋಗುತ್ತದೆ. ತೊಟ್ಟಿಯ ಮೂಲೆಯಲ್ಲಿ ಡ್ರಾಪ್ ಚೆಕರ್ ತೂಗುತ್ತಿದೆ, ಅದರ ಬಣ್ಣ ಹಸಿರಿಗೆ ತಿರುಗುವ ಮೊದಲು ಸ್ವಲ್ಪ ನೀಲಿ ಇರುವಾಗಲೇ ಗ್ಯಾಸನ್ನು ಅಲ್ಲಿಗೆ ನಿಲ್ಲಿಸಿದ್ದಾರೆ. ಗಿಡ ಒಂದು ವಾರ ತಡವಾಗಿ ಚಿಗುರಿದರೂ ಪರವಾಗಿಲ್ಲ ಎನ್ನುವುದು ಅವರ ಈಗಿನ ಲೆಕ್ಕ.